ಕಾವಲಿನ ಎತ್ತು, ಕೇಳುವ ಕೋಶ

ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರ, ಕಡೂರು ತಾಲ್ಲೂಕಿನ ಬೀರೂರು, ಬಾಸೂರು ಕಾವಲುಗಳು, ತರೀಕೆರೆ ಕಡೆಯ ಲಿಂಗದಹಳ್ಳಿ: ಈ ಹುಲ್ಲುಗಾವಲುಗಳ ಚರಿತ್ರೆಯನ್ನು ನಾವು ಯುದ್ಧದ ಕಥೆಯಾಗಿಯೇ ಓದುತ್ತ ಬಂದಿದ್ದೇವೆ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ದನದ ಮಂದೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಮಂದೆ ಬ್ರಿಟಿಷರ ಪಾಲಾಯಿತು, 1860ರಲ್ಲಿ ಮಾರಾಟವಾಯಿತು, 1866ರಲ್ಲಿ ಮತ್ತೆ ಕಟ್ಟಲಾಯಿತು. ಈ ಎತ್ತುಗಳ ಬಲದಿಂದ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿ ಚಿದಂಬರಕ್ಕೆ ನೆರವು ಒಯ್ದನೆಂದು ಬ್ರಿಟಿಷ್ ಬರಹಗಳು ಬೆರಗಿನಿಂದ ಹೇಳುತ್ತವೆ. ಆದರೆ ಸ್ತನ ಕ್ಯಾನ್ಸರ್ ಕೋಶಗಳು ಹೇಗೆ ಚಲಿಸುತ್ತವೆ ಎಂಬುದನ್ನು ಅರಿಯಲು ಬೇಕಾದ ಒಂದು ಸುಳಿವೂ ಇದೇ ಕಾವಲಿನಲ್ಲಿದೆ ಎಂಬುದು ನನ್ನ ವಾದ. ದೇಹದಲ್ಲಿ ಅಪ್ಪಣೆ ಕಳಿಸುವ ಗ್ರಂಥಿ ಎಷ್ಟು ಮುಖ್ಯವೋ, ಅದನ್ನು ಕೇಳಿಸಿಕೊಳ್ಳುವ ಜಾಗವೂ ಅಷ್ಟೇ ಮುಖ್ಯ.

ಹೋರಿಗರುಗಳಿಗೆ ಎಳವೆಯಲ್ಲೇ ಬೀಜ ಒಡೆಸಿ, ಆಯ್ದ ಕೆಲವನ್ನು ಮಾತ್ರ ತಳಿಗೆ ಉಳಿಸಿಕೊಳ್ಳುವುದು ಮಂದೆಯ ಪದ್ಧತಿ. ಒಂದು ಕಡೆ ಗ್ರಂಥಿ ಹೋದರೆ ಕುತ್ತಿಗೆ, ಕಾಲು, ಸ್ವಭಾವ ಎಲ್ಲವೂ ಬದಲಾಗುತ್ತವೆ ಎಂಬುದು ದನಗಾಹಿಗಳಿಗೆ ಕಣ್ಣಾರೆ ಗೊತ್ತಿತ್ತು. ಬೀಜಕ್ಕೂ, ಸ್ತನ ಕ್ಯಾನ್ಸರಿನ ಮಾತಿನಲ್ಲಿ ಬರುವ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್‌ಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಹತ್ತಿರದ್ದೇ. ಗಂಡಿನ ಟೆಸ್ಟೋಸ್ಟೆರಾನ್‌ನಲ್ಲಿ ಒಂದು ಪಾಲು ದೇಹದಲ್ಲಿ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಮೂಳೆಯ ಬೆಳೆಯುವ ತುದಿಗಳು ಮುಚ್ಚಿಕೊಳ್ಳುವಂತೆ ಮಾಡುವುದು ಅದೇ. ಎಳವೆಯಲ್ಲಿ ಬೀಜ ಒಡೆಸಿದ ಎತ್ತಿನ ಕಾಲು ಹೋರಿಗಿಂತ ನೀಳವಾಗುವುದು ಆ ತುದಿಗಳು ತಡವಾಗಿ ಮುಚ್ಚುವುದರಿಂದ. ಇದಕ್ಕೆ ಮನುಷ್ಯರಲ್ಲೇ ಪುರಾವೆ ಸಿಕ್ಕಿದ್ದು 1994ರಲ್ಲಿ. 28 ವರ್ಷದ, 204 ಸೆಂಟಿಮೀಟರ್ ಎತ್ತರದ ಒಬ್ಬನ ಮೂಳೆಗಳು ಇನ್ನೂ ಬೆಳೆಯುತ್ತಲೇ ಇದ್ದವು. ಅವನ ರಕ್ತದಲ್ಲಿ ಈಸ್ಟ್ರೋಜೆನ್‌ಗೆ ಕೊರತೆಯಿರಲಿಲ್ಲ. ಅದನ್ನು ಹಿಡಿದುಕೊಳ್ಳಬೇಕಾದ ಗ್ರಾಹಕವೇ ಕೆಟ್ಟಿತ್ತು. ಅಪ್ಪಣೆ ಬರುತ್ತಿತ್ತು, ಕೇಳುವ ಕಿವಿಯಿರಲಿಲ್ಲ.

ಹಾಗಾದರೆ ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೇ? ಇಲ್ಲ, ಹಾಗೆ ಹೇಳುವುದು ಅವರ ನಿಜವಾದ ತಿಳಿವಳಿಕೆಗೂ ಅನ್ಯಾಯ. ಪದ್ಧತಿಗೆ ಫಲ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಆದರೆ ಕೊಟ್ಟಿಗೆಯ ತಿಳಿವಳಿಕೆ ವೈದ್ಯಕ್ಕೆ ದಾರಿಯಾಗಬಲ್ಲದು ಎಂಬುದಕ್ಕೆ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಸಾಕ್ಷಿ. ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಅದು ಬಹುಕಾಲ ಹಾಲು ಕೊಡುತ್ತದೆಂಬ ರೈತರ ರೂಢಿಯನ್ನು ಹಿಡಿದು ಯೋಚಿಸಿದ ಆತ, 1895ರಲ್ಲಿ ಸ್ತನ ಕ್ಯಾನ್ಸರಿನ ರೋಗಿಯೊಬ್ಬಳ ಅಂಡಾಶಯ ತೆಗೆದ, ಗೆಡ್ಡೆ ಕರಗಿತು. ಆದರೆ ಮುಂದೆ ಈ ಚಿಕಿತ್ಸೆ ಫಲಿಸಿದ್ದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ಏಕಿಲ್ಲ? ಕಾವಲಿನಲ್ಲೂ ಇದೇ ಪ್ರಶ್ನೆ ಏಳಬಹುದಿತ್ತು: ಬೀಜ ಒಡೆಸಿದ ಎತ್ತುಗಳೆಲ್ಲ ಏಕೆ ಅಮೃತ್ ಮಹಲ್ ಎತ್ತಿನಂತೆ ಓಡುವುದಿಲ್ಲ? ಎತ್ತಿನ ವಿಷಯದಲ್ಲಿ ಉತ್ತರ ತಳಿ. ಗೆಡ್ಡೆಯ ವಿಷಯದಲ್ಲಿ ಉತ್ತರಕ್ಕೆ ದಾರಿ ತೆರೆದದ್ದು 1950ರ ದಶಕದ ಕೊನೆಯಲ್ಲಿ, ಶಿಕಾಗೋದ ವಿಜ್ಞಾನಿ ಎಲ್ವುಡ್ ಜೆನ್ಸನ್ ಈಸ್ಟ್ರೋಜೆನ್ ಗ್ರಾಹಕದ ಜಾಡು ಹಿಡಿದಾಗ. ಗ್ರಾಹಕವಿದ್ದ ಗೆಡ್ಡೆಗಷ್ಟೇ ಅಂಡಾಶಯದ ಅಪ್ಪಣೆಯ ಹಂಗು.

ಗ್ರಾಹಕವಿದ್ದರೆ ಕೆಡುಕು, ಇಲ್ಲದಿದ್ದರೆ ಒಳಿತು ಎಂದು ತೀರ್ಮಾನಿಸಿಬಿಡುವುದು ಮಾತ್ರ ತಪ್ಪು. ಈಸ್ಟ್ರೋಜೆನ್ ತಗುಲಿದ ಕೆಲವೇ ನಿಮಿಷಗಳಲ್ಲಿ ಸ್ತನ ಕ್ಯಾನ್ಸರ್ ಕೋಶದೊಳಗಿನ ಆಕ್ಟಿನ್ ಎಳೆಗಳು ಮರುಜೋಡಣೆಗೊಂಡು, ಕೋಶ ಅಂಚು ಚಾಚಿ ಸರಿಯತೊಡಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಇದೇ ಗ್ರಾಹಕ ಇನ್ನೊಂದು ಕಡೆ ಕಡಿವಾಣವೂ ಹೌದು. ಅದು ಎಂಟಿಎ3 ಎಂಬ ಪ್ರೋಟೀನನ್ನು ಹುಟ್ಟಿಸಿ, ಅದರ ಮೂಲಕ ಸ್ನೇಲ್ ಎಂಬ ಜೀನನ್ನು ಅದುಮಿಡುತ್ತದೆ. ಹಾಗಾಗಿ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಉಳಿದುಕೊಳ್ಳುತ್ತದೆ. ಗ್ರಾಹಕ ಕಳೆದುಹೋದರೆ ಈ ಅಂಟು ಸಡಿಲಗೊಳ್ಳುತ್ತದೆ, ಕೋಶ ಮಂದೆ ಬಿಟ್ಟು ಅಲೆಯುತ್ತದೆ. ರೋಗಿಗಳಲ್ಲಿ ಕಾಣುವುದೂ ಇದಕ್ಕೆ ಹೊಂದುತ್ತದೆ. ಗ್ರಾಹಕವಿಲ್ಲದ ಗೆಡ್ಡೆ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ. ಗ್ರಾಹಕವಿರುವುದು ನಿಧಾನಿ, ಆದರೆ ಹತ್ತು, ಇಪ್ಪತ್ತು ವರ್ಷಗಳ ಮೇಲೂ ಮರಳಿ ಬರಬಲ್ಲದು, ಬಹಳ ಸಲ ಮೂಳೆಯಲ್ಲೇ. ಗ್ರಾಹಕಕ್ಕೆ ಈಸ್ಟ್ರೋಜೆನ್ ಅಂಟದಂತೆ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ, ಕೆಲವರಿಗೆ ಹತ್ತು ವರ್ಷ ಬಿಡದೆ ಕೊಡುವುದು ಅದಕ್ಕಾಗಿಯೇ.