ಒಳಲೆಯಿಂದ ಬಾಟಲಿಗೆ, ಬಾಟಲಿಯಿಂದ ಲೋಟಕ್ಕೆ

ಚೆನ್ನೈಯ ಹೆರಿಗೆ ಆಸ್ಪತ್ರೆಗಳಲ್ಲಿ ‘ಪಾಲಾಡೈ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಎದೆಹಾಲು ಚೀಪಲು ಶಕ್ತಿ ಸಾಲದ ಕೂಸಿಗೆ ಹಿಂಡಿದ ಹಾಲು ಕುಡಿಸಬೇಕಾದಾಗ ನರ್ಸ್ ಕೇಳುವುದು ಅದನ್ನೇ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದಲೋ ಹಾಸನದಿಂದಲೋ ಬಂದ ತಾಯಿಗೆ ಇದು ಹೊಸ ಶಬ್ದ. ತಮಿಳಿನಲ್ಲಿ ಪಾಲಾಡೈ ಎಂದರೆ ಹಾಲಿನ ಕೆನೆಯೂ ಹೌದು. ಬಾಣಂತಿ ಮನೆಯಲ್ಲಿ ಕೆನೆ ಯಾರಿಗೆ ಬೇಕಾಯಿತು ಎಂದು ಆಕೆ ಯೋಚಿಸುತ್ತಿರುವಾಗಲೇ ನರ್ಸ್ ಕೈಯಲ್ಲಿ ಸಣ್ಣ ಮೂತಿಯ ಪುಟ್ಟ ಬಟ್ಟಲೊಂದು ಕಾಣುತ್ತದೆ. ‘ಅಯ್ಯೋ, ಇದು ನಮ್ಮ ಒಳಲೆ ಅಲ್ಲವೇ!’

ಹೌದು, ಅದೇ ಒಳಲೆ. ಕೆಲವು ಮನೆಗಳ ಬಾಯಿಮಾತಿನಲ್ಲಿ ‘ಒಳ್ಳೆ’. ಬಜೆ, ಜಾಯಿಕಾಯಿ ತೇಯ್ದು ಕುಡಿಸಲು, ಹಾಲು ಹಾಕಲು ನಮ್ಮ ಅಜ್ಜಿಯರು ಬಳಸುತ್ತಿದ್ದುದು. ನಾಮಕರಣಕ್ಕೆ ತವರಿನವರು ಬೆಳ್ಳಿಯಲ್ಲಿ ಮಾಡಿಸಿ ಕೊಡುತ್ತಿದ್ದುದು. ಇಂದು ಬಾಟಲಿ ಬಿಡಿಸಿ ಮಗುವಿಗೆ ಲೋಟ ಕಲಿಸುವುದು ಹೇಗೆಂದು ನಮ್ಮ ಸೊಸೆಯಂದಿರು, ಹೆಣ್ಣುಮಕ್ಕಳು ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಹುಡುಕುವ ಮುನ್ನ ಸ್ವಲ್ಪ ಹಿಂದಕ್ಕೆ ತಿರುಗಿ ನೋಡುವುದು ಒಳ್ಳೆಯದು. ನಮ್ಮ ಮನೆಗಳಿಗೆ ಮೊದಲು ಬಂದದ್ದು ಬಟ್ಟಲು; ಬಾಟಲಿ ಬಂದದ್ದು ಆಮೇಲೆ.

ಒಂದೇ ಪಾತ್ರೆ, ಹಲವು ಹೆಸರು

ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ, ‘ಸಂಗು’ ಎಂದೂ ಕರೆಯುತ್ತಾರೆ. ಸಂಗು ಎಂದರೆ ಶಂಖ. ತೆಲುಗರಿಗೆ ಇದು ‘ಉಗ್ಗು ಗಿನ್ನೆ’. ಬಂಗಾಳದಲ್ಲಿ ‘ಝಿನುಕ್’, ಎಂದರೆ ಚಿಪ್ಪು. ಈ ಹೆಸರುಗಳು ಪಾತ್ರೆಯ ಹುಟ್ಟನ್ನೂ ಸೂಚಿಸುವಂತಿವೆ. ನೀರಿನ ದಡದಲ್ಲಿ ಸಿಗುವ ಶಂಖ, ಚಿಪ್ಪುಗಳ ಆಕಾರವೇ ಮುಂದೆ ಹಿತ್ತಾಳೆ, ಕಂಚು, ಬೆಳ್ಳಿ, ಸ್ಟೀಲುಗಳಲ್ಲಿ ಉಳಿದುಕೊಂಡಿತು ಎಂದು ಊಹಿಸುವುದು ಕಷ್ಟವಲ್ಲ.

ಮೂತಿಯಿರುವ ಹಾಲಿನ ಪಾತ್ರೆ ನಮ್ಮ ದೇಶದ್ದು ಮಾತ್ರವೂ ಅಲ್ಲ. ಜರ್ಮನಿಯ ಬವೇರಿಯಾದಲ್ಲಿ ಮಕ್ಕಳ ಸಮಾಧಿಗಳಲ್ಲಿ ದೊರೆತ ಪುಟ್ಟ ಮಣ್ಣಿನ ಪಾತ್ರೆಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಅವುಗಳಲ್ಲಿ ದನ, ಕುರಿ, ಮೇಕೆಗಳಂಥ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಅಂಶ ಅಂಟಿತ್ತೆಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವು ಎರಡೂವರೆ ಸಾವಿರ ವರ್ಷಗಳಿಗೂ ಹಳೆಯವು. ತಾಯಿಯ ಹಾಲು ಸಾಲದಾದಾಗ, ತಾಯಿಯೇ ಇಲ್ಲವಾದಾಗ ಕೂಸನ್ನು ಉಳಿಸಿಕೊಳ್ಳುವ ಚಿಂತೆ ಎಲ್ಲ ಕಾಲದ, ಎಲ್ಲ ದೇಶದ ಹೆಂಗಸರದ್ದೂ ಆಗಿತ್ತು.

ರಬ್ಬರ್ ನಿಪ್ಪಲ್ಲಿನ ಕಾಲ

ಇಂದಿನ ಬಾಟಲಿಯ ಕಥೆ ಶುರುವಾಗುವುದು ರಬ್ಬರಿನಿಂದ. 1845ರಲ್ಲಿ ಅಮೆರಿಕದ ಎಲೈಜಾ ಪ್ರ್ಯಾಟ್ ಎಂಬಾತ ರಬ್ಬರ್ ನಿಪ್ಪಲ್ಲಿಗೆ ಪೇಟೆಂಟ್ ಪಡೆದ. ಇಂಗ್ಲೆಂಡಿನಲ್ಲಿ ಉದ್ದನೆಯ ರಬ್ಬರ್ ಕೊಳವೆಯಿದ್ದ ಗಾಜಿನ ಬಾಟಲಿಗಳು ಬಹಳ ಜನಪ್ರಿಯವಾದವು. ಮಗುವಿನ ಪಕ್ಕದಲ್ಲಿಟ್ಟು ತಾಯಿ ಬೇರೆ ಕೆಲಸ ಮಾಡಿಕೊಳ್ಳಬಹುದಾಗಿತ್ತು. ಆದರೆ ಆ ಕೊಳವೆಯ ಒಳಗನ್ನು ತೊಳೆಯಲು ಸಾಧ್ಯವೇ ಇರಲಿಲ್ಲ. ಒಳಗೆ ಹಾಲು ಹುಳಿತು ರೋಗಾಣು ಬೆಳೆದು ಎಷ್ಟೋ ಮಕ್ಕಳು ಭೇದಿಯಿಂದ ಸತ್ತವು. ಕೊನೆಗೆ ಅವಕ್ಕೆ ‘ಕೊಲೆಗಾರ ಬಾಟಲಿ’ ಎಂದೇ ಹೆಸರಾಯಿತು. ಫ್ರಾನ್ಸ್ 1910ರಲ್ಲಿ ಅವುಗಳನ್ನು ಕಾನೂನಿನ ಮೂಲಕ ನಿಷೇಧಿಸಿತು. ಆಮೇಲೆ ತೊಳೆಯಲು ಸುಲಭವಾದ ಆಕಾರದ ಬಾಟಲಿಗಳು ಬಂದವು. ಆದರೂ ನಿಪ್ಪಲ್ಲಿನ ಮಡಿಕೆ, ಬಾಟಲಿಯ ಕತ್ತು ಇಂದಿಗೂ ತೊಳೆಯುವವರ ತಾಳ್ಮೆ ಪರೀಕ್ಷಿಸುತ್ತವೆ. ಅಗಲ ಬಾಯಿಯ ಬಟ್ಟಲಿಗೆ ಈ ತೊಂದರೆಯಿಲ್ಲ. ಸೋಪು ಹಾಕಿ ಉಜ್ಜಿದರೆ ಒಳಗೆಲ್ಲ ಕಣ್ಣಿಗೆ ಕಾಣುತ್ತದೆ.

ಬಾಟಲಿಯ ಜೊತೆಯಲ್ಲೇ ಬಂದದ್ದು ಡಬ್ಬಿ ಹಾಲು. ಗ್ಲಾಕ್ಸೊ ಶಿಶು ಆಹಾರವನ್ನು ನಮ್ಮ ದೇಶದಲ್ಲಿ ಮಾರಲೆಂದೇ 1924ರಲ್ಲಿ ಒಂದು ಕಂಪನಿ ಸ್ಥಾಪನೆಯಾಯಿತು. ಡಬ್ಬಿಯ ಮೇಲಿನ ಗುಂಡು ಗುಂಡು ಮಗುವಿನ ಚಿತ್ರ ತಾಯಂದಿರ ಮನಸ್ಸಿನಲ್ಲಿ ಕುಳಿತಿತು. ಇದರಲ್ಲಿ ನಮ್ಮ ಮೈಸೂರಿನ ಪಾತ್ರವೂ ಉಂಟು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದವರು ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು. ಅದನ್ನು ಕೈಗೆತ್ತಿಕೊಂಡು ಡಬ್ಬಿಯಲ್ಲಿ ಮಾರುಕಟ್ಟೆಗೆ ತಂದದ್ದು ಗುಜರಾತಿನ ಅಮುಲ್. ವಿದೇಶದಿಂದ ತರಿಸುತ್ತಿದ್ದ ವಸ್ತು ದೇಶದಲ್ಲೇ ತಯಾರಾದದ್ದು ಹೆಮ್ಮೆಯ ಸಂಗತಿಯೇ. ತಾಯಿಹಾಲು ಸಿಗದ ಮಕ್ಕಳಿಗೆ ಅದು ಆಸರೆಯೂ ಆಯಿತು.

ತೊಂದರೆ ಇದ್ದದ್ದು ಬೇರೆ ಕಡೆ. ಹಾಲಿರುವ ತಾಯಂದಿರಿಗೂ ‘ನಿಮ್ಮ ಹಾಲು ಸಾಲದು’ ಎಂಬ ಅನುಮಾನ ಹತ್ತಿತು. ಡಬ್ಬಿ ದುಬಾರಿ. ಒಂದು ವಾರಕ್ಕೆ ಬೇಕಾದದ್ದನ್ನು ನೀರು ಬೆರೆಸಿ ಎರಡು ವಾರ ಎಳೆಯುವ ಮನೆಗಳಿದ್ದವು. ನೀರೂ ಶುದ್ಧವಿರಲಿಲ್ಲ, ಬಾಟಲಿ ಕುದಿಸಲು ಸೌದೆಯೂ ಸಾಲುತ್ತಿರಲಿಲ್ಲ. ಡಾ. ಸಿಸಿಲಿ ವಿಲಿಯಮ್ಸ್ ಎಂಬ ಮಹಿಳಾ ವೈದ್ಯೆ 1939ರಲ್ಲೇ ಸಿಂಗಪುರದಲ್ಲಿ ‘ಹಾಲು ಮತ್ತು ಕೊಲೆ’ ಎಂಬ ಶೀರ್ಷಿಕೆಯಲ್ಲಿ ಭಾಷಣ ಮಾಡಿ ಈ ಪ್ರಚಾರವನ್ನು ಖಂಡಿಸಿದ್ದರು. ಜಗತ್ತು ಅವರ ಮಾತಿಗೆ ಕಿವಿಗೊಡಲು ನಾಲ್ಕು ದಶಕ ಹಿಡಿಯಿತು.

ಕಾನೂನು ಬಂದ ಬಗೆ

1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ತಾಯಿಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ನೀತಿ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತ, ವಿರುದ್ಧವಾಗಿ ಒಂದೇ ಮತ, ಅದು ಅಮೆರಿಕದ್ದು. ಭಾರತ 1983ರಲ್ಲಿ ತನ್ನದೇ ಸಂಹಿತೆ ತಂದಿತು. 1992ರಲ್ಲಿ ಅದು ಕಾಯ್ದೆಯಾಗಿ 1993ರ ಆಗಸ್ಟ್ 1ರಿಂದ ಜಾರಿಗೆ ಬಂತು. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ಈ ಕಾಯ್ದೆಯ ಹೆಸರಿನಲ್ಲೇ ಹಾಲಿನ ಬಾಟಲಿಯೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಡಬ್ಬಿ ಹಾಲಿನಂತೆಯೇ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವಂತಿಲ್ಲ. ಶಿಶು ಹಾಲಿನ ಡಬ್ಬಿಯ ಮೇಲೆ ಈಗ ಮಗುವಿನ ಚಿತ್ರ ಕಾಣದಿರುವುದಕ್ಕೂ ಇದೇ ಕಾರಣ. ಮಾರುವುದಕ್ಕೆ ಅಡ್ಡಿಯಿಲ್ಲ, ಪುಸಲಾಯಿಸುವುದಕ್ಕೆ ಅಡ್ಡಿಯಿದೆ.

ಪಾಲಾಡೈ ಜಗತ್ತಿಗೆ ಹೋಯಿತು

ಇಷ್ಟರಲ್ಲಿ ನಮ್ಮ ಹಳೆಯ ಒಳಲೆ ಸದ್ದಿಲ್ಲದೆ ಆಸ್ಪತ್ರೆ ಸೇರಿತ್ತು. ತೂಕ ಕಡಿಮೆಯಿರುವ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಹಾಲು ಕೊಡುವ ದಾರಿಗಳನ್ನು ಹೋಲಿಸಿದ ಭಾರತೀಯ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಬಾಟಲಿ, ಲೋಟ, ಪಾಲಾಡೈ ಮೂರರಲ್ಲಿ ಪಾಲಾಡೈಯಿಂದ ಕುಡಿದ ಮಕ್ಕಳು ಕಡಿಮೆ ಸಮಯದಲ್ಲಿ ಹೆಚ್ಚು ಹಾಲು ಕುಡಿದವು, ಶಾಂತವಾಗಿಯೂ ಇದ್ದವು. 2007ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಸಣ್ಣ ಅಧ್ಯಯನವೊಂದು ಇದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟಿತು. ಅಲ್ಲಿ ಹಾಲು ಹೆಚ್ಚು ಚೆಲ್ಲಿತು, ಸಮಯವೂ ಹೆಚ್ಚು ಹಿಡಿಯಿತು. ಕುಡಿಸುವವರ ಕೈ ಪಳಗಿದೆಯೇ ಎಂಬುದೂ ಇಲ್ಲಿ ಮುಖ್ಯವೆಂದು ನನಗೆ ತೋರುತ್ತದೆ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ತೂಕದ ಶಿಶುಗಳ ಆಹಾರದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಎದೆಯಿಂದ ನೇರವಾಗಿ ಕುಡಿಯಲಾಗದ, ಆದರೆ ಬಾಯಿಂದ ಕುಡಿಯಬಲ್ಲ ಕೂಸುಗಳಿಗೆ ಲೋಟ, ಪಾಲಾಡೈ ಅಥವಾ ಚಮಚದಿಂದ ಕುಡಿಸಬೇಕು ಎಂದು ಅದರಲ್ಲಿದೆ. ಅಪ್ಪಟ ತಮಿಳು ಪದವೇ ಆ ದಾಖಲೆಯಲ್ಲಿ ನಿಂತಿದೆ. ಕೆಲವೇ ವರ್ಷಗಳಲ್ಲಿ ಅಮೆರಿಕದ ಸಿಯಾಟಲ್ ನಗರದ ತಜ್ಞರು ‘ನಿಫ್ಟಿ ಕಪ್’ ಎಂಬ ಮೃದುವಾದ ಸಿಲಿಕೋನ್ ಬಟ್ಟಲನ್ನು ರೂಪಿಸಿದರು. ಅದಕ್ಕೂ ಹಾಲು ಬಂದು ನಿಲ್ಲುವ ಪುಟ್ಟ ಮೂತಿಯಿದೆ. ನಮ್ಮ ಕಣ್ಣಿಗೆ ಅದು ಒಳಲೆಯ ದೂರದ ನೆಂಟನಂತೆ ಕಾಣುತ್ತದೆ.

ಅಜ್ಜಿಯ ಪಾತ್ರೆ ಸರಿ, ಎಲ್ಲ ಪದ್ಧತಿಯೂ ಸರಿಯಲ್ಲ

ಇದನ್ನು ಓದಿ ಹಳೆಯದೆಲ್ಲ ಚಿನ್ನ ಎಂದುಕೊಳ್ಳಬಾರದು. ಕಾಲು ನೀಡಿ ಕುಳಿತು, ಮಗುವನ್ನು ಮಲಗಿಸಿ, ಕೈಕಾಲು ಅದುಮಿ ಹಿಡಿದು ಒಳಲೆಯಿಂದ ಗಂಟಲಿಗೆ ಸುರಿಯುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಹಾಲು ನೆತ್ತಿಗೇರುವುದು ಹೀಗೆಯೇ. ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಹುಟ್ಟಿದ ಕೂಡಲೇ ಸಕ್ಕರೆ ನೀರು, ಜೇನು, ಚೆನ್ನೈಯ ಬೀದಿಗಳಲ್ಲಿ ಮಾರುವ ಕತ್ತೆ ಹಾಲು ಹಾಕುವುದನ್ನೂ ವೈದ್ಯರು ಒಪ್ಪುವುದಿಲ್ಲ. ಮೊದಲ ಆರು ತಿಂಗಳು ತಾಯಿಹಾಲು ಮಾತ್ರ, ನೀರೂ ಬೇಡ ಎಂಬುದು ಇಂದಿನ ಸಲಹೆ.

ಆದ್ದರಿಂದ ಒಳಲೆಯಿಂದ ನಾವು ಕಲಿಯಬೇಕಾದದ್ದು ಬೆಳ್ಳಿಯ ಮಹಿಮೆಯನ್ನಲ್ಲ. ತೆರೆದ ಬಾಯಿಯ ಪಾತ್ರೆ, ತೊಳೆಯುವ ಸುಲಭ, ಮಗುವಿನ ಮುಖ ನೋಡುತ್ತಾ ಕೊಡುವ ತಾಳ್ಮೆ, ಈ ಮೂರೇ ಅದರ ಗುಣ.

ಬಾಟಲಿ ಬಿಡಿಸುವುದು ಹೇಗೆ?

ಆರು ತಿಂಗಳಿಗೆ ಅನ್ನಪ್ರಾಶನ ಮಾಡುತ್ತೇವಲ್ಲ, ಲೋಟದ ಪಾಠಕ್ಕೂ ಅದೇ ಸಮಯ. ಮಗುವಿಗೆ ಆಧಾರ ಕೊಟ್ಟರೆ ಕುಳಿತುಕೊಳ್ಳಲು ಬರುತ್ತದೆ, ಕತ್ತು ನಿಂತಿರುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿಕೊಳ್ಳಿ. ಕತ್ತಿಗೆ ಜೊಲ್ಲು ಬಟ್ಟೆ ಕಟ್ಟಿ. ಪುಟ್ಟ ಲೋಟದಲ್ಲಿ ಎರಡು ಮೂರು ಚಮಚದಷ್ಟು ನೀರೋ ಹಿಂಡಿದ ಹಾಲೋ ಇರಲಿ. ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಯವರೆಗೆ ಬರುವಷ್ಟು ಮಾತ್ರ ಬಾಗಿಸಿ. ಸುರಿಯಬೇಡಿ, ಮಗುವೇ ಹೀರಿಕೊಳ್ಳಲಿ. ಒಂದು ಗುಟುಕಾದ ಮೇಲೆ ನಿಲ್ಲಿಸಿ, ನುಂಗಲು ಬಿಡಿ. ಕಟಬಾಯಿಯಿಂದ ಸೋರಿದರೆ ಗಾಬರಿ ಬೇಡ.

ಈಗಾಗಲೇ ಬಾಟಲಿ ಅಭ್ಯಾಸವಾಗಿರುವ ಮಗುವಿಗೆ ಒಂದೇ ದಿನದಲ್ಲಿ ಬಿಡಿಸಲು ಹೊರಡಬೇಡಿ. ಮೊದಲು ಮಧ್ಯಾಹ್ನದ ಒಂದು ಬಾಟಲಿಯ ಬದಲು ಲೋಟ ಕೊಡಿ. ಅದು ಒಗ್ಗಿದ ಮೇಲೆ, ನಾಲ್ಕೈದು ದಿನ ಬಿಟ್ಟು ಇನ್ನೊಂದು. ಮಲಗುವ ಹೊತ್ತಿನ ಬಾಟಲಿ ಎಲ್ಲಕ್ಕಿಂತ ಕಷ್ಟ, ಅದನ್ನು ಕೊನೆಗಿಡಿ. ಆ ಜಾಗಕ್ಕೆ ಒಂದು ಲಾಲಿ ಹಾಡು, ಬೆನ್ನು ತಟ್ಟುವುದು, ಕಥೆ ಬರಲಿ. ಮಗು ಹುಡುಕುವುದು ಹಾಲಿಗಿಂತ ಹೆಚ್ಚಾಗಿ ಆ ಸಮಾಧಾನವನ್ನೇ.

ವರ್ಷ ತುಂಬುವಾಗ ಆರಂಭಿಸಿ ಒಂದೂವರೆ ವರ್ಷದೊಳಗೆ ಬಾಟಲಿ ಪೂರ್ತಿ ಬಿಟ್ಟರೆ ಒಳ್ಳೆಯದು. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳ ಮುಂದಿನ ಹಾಲುಹಲ್ಲುಗಳು ಹುಳುಕಾಗುತ್ತವೆ. ವರ್ಷದ ಮೇಲೆ ದಿನಕ್ಕೆ ಸುಮಾರು ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿದರೆ ಊಟ ಸೇರದೆ, ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬರಬಹುದು. ಸಿಪ್ಪರ್ ಪ್ರಯಾಣಕ್ಕೆ ಅನುಕೂಲ, ಆದರೆ ಅದು ಬಾಟಲಿಯ ತಮ್ಮನಾಗಿ ಮನೆಯಲ್ಲೇ ಉಳಿಯದಿರಲಿ. ಅವಧಿಗೆ ಮುನ್ನ ಹುಟ್ಟಿದ, ಸೀಳುತುಟಿಯ, ನುಂಗಲು ತೊಂದರೆಯಿರುವ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಕೆಲಸಕ್ಕೆ ಹೋಗುವ ತಾಯಂದಿರಿಗೆ

‘ನಾನು ಆಫೀಸಿಗೆ ಹೋಗಬೇಕು, ಬಾಟಲಿ ಕಲಿಸಲೇಬೇಕು’ ಎನ್ನುವವರು ಒಂದು ಲೆಕ್ಕ ಗಮನಿಸಿ. 2017ರ ತಿದ್ದುಪಡಿಯ ನಂತರ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಮೊದಲ ಎರಡು ಹೆರಿಗೆಗಳಿಗೆ 26 ವಾರ ವೇತನಸಹಿತ ರಜೆಯಿದೆ. ರಜೆಯನ್ನು ಹೆಚ್ಚಾಗಿ ಹೆರಿಗೆಯ ನಂತರಕ್ಕೆ ಇಟ್ಟುಕೊಂಡರೆ, ನೀವು ಕೆಲಸಕ್ಕೆ ಮರಳುವಾಗ ಮಗುವಿಗೆ ಆರು ತಿಂಗಳಾಗುತ್ತಾ ಬಂದಿರುತ್ತದೆ, ಎಂದರೆ ಲೋಟ ಹಿಡಿಯುವ ವಯಸ್ಸು. ಹಿಂಡಿಟ್ಟ ಹಾಲನ್ನು ಮನೆಯಲ್ಲಿರುವ ಅಜ್ಜಿಯೋ ಆಯಾಳೋ ಲೋಟದಿಂದಲೇ ಕೊಡಬಹುದು. ಬಾಟಲಿ ಕಲಿಸಿ ಮತ್ತೆ ಬಿಡಿಸುವ ಎರಡು ಕಷ್ಟಗಳೂ ತಪ್ಪುತ್ತವೆ. ಆದರೆ ರಜೆ ಸಿಗದ ತಾಯಂದಿರೂ ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಬಾಣಂತಿಯಾಗಿದ್ದರೆ ಅವಳ ಮಗುವಿಗೆ ಈ ಆರು ತಿಂಗಳು ಕೊಡಿಸುವುದು ಕಾನೂನಿಗಿಂತ ಮೊದಲು ನಮ್ಮ ಕೈಯಲ್ಲಿದೆ.

ನಮ್ಮ ಮನೆಗಳಲ್ಲಿ ಲೋಟದ ಪಾಠಕ್ಕೆ ಎರಡು ತರಗತಿಗಳಿವೆ. ಮೊದಲು ಅಂಚಿಗೆ ತುಟಿ ಕೊಟ್ಟು ‘ಕಚ್ಚಿ ಕುಡಿ’ಯುವುದು. ಆಮೇಲೆ, ಶಾಲೆಗೆ ಹೋಗುವ ವಯಸ್ಸಿಗೆ, ಎಂಜಲಾಗದಂತೆ ‘ಎತ್ತಿ ಕುಡಿ’ಯುವುದು. ತಮಿಳರ ಮನೆಗಳಲ್ಲೂ ಎತ್ತಿ ಕುಡಿಯುವ ರೂಢಿಯಿದೆ. ಮೊದಲನೆಯ ತರಗತಿಯನ್ನು ಅವಸರಿಸದೆ, ನಗುತ್ತಾ ದಾಟಿಸಿ. ಟಿ. ನಗರದ ಪಾತ್ರೆ ಅಂಗಡಿಗಳಲ್ಲಿ ಅಂಗೈಯಗಲದ ಸ್ಟೀಲ್ ಲೋಟಗಳು ಬೇಕಾದಷ್ಟು ಸಿಗುತ್ತವೆ. ಈ ಬಾರಿ ನಾಮಕರಣಕ್ಕೆ ಹೋಗುವಾಗ ಬಾಟಲಿ ಸೆಟ್ ಬದಲು ಅಂಥದ್ದೊಂದನ್ನು ಉಡುಗೊರೆಯಾಗಿ ಕೊಡೋಣ.