ಊರು ಬಿಟ್ಟ ಸಂಘ, ಊರಿಗೆ ಮರಳಿದ ಸಂಘ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸಂಸಾರಿಗಳಿಗೆ. ಆದರೆ ಕಾಲ್ಚೆಂಡಾಟದ ಸಂಘಗಳಿಗೂ ಈ ಮಾತು ಸಲ್ಲುತ್ತದೆ. ಹೊಸ ಮೈದಾನ ಮಾಡಿಕೊಳ್ಳುವುದು ಅವುಗಳ ಪಾಲಿಗೆ ಮನೆ ಕಟ್ಟಿದಂತೆ. ಕೆಳಗಿನ ಶ್ರೇಣಿಯಿಂದ ಮೇಲಿನ ಶ್ರೇಣಿಗೆ ಏರುವುದು ದೊಡ್ಡ ಮನೆತನದೊಡನೆ ಸಂಬಂಧ ಬೆಳೆಸಿದಂತೆ. ಎರಡಕ್ಕೂ ಮೊದಲು ಸಾಲ ಮಾಡಬೇಕು. ವರಮಾನ ಬರುವುದು ಆಮೇಲೆ; ಅದೂ ಬಂದರೆ ಬಂತು. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಅರಿಯಲು ಲಂಡನ್ನಿನ ಎರಡು ಸಂಘಗಳ ಚರಿತ್ರೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಹುಟ್ಟಿದ್ದು ಥೇಮ್ಸ್ ನದಿಯ ದಕ್ಷಿಣ ದಂಡೆಯ ನೆರೆಹೊರೆಯ ಪೇಟೆಗಳಲ್ಲಿ. ಎರಡೂ ಹಣದ ಮುಗ್ಗಟ್ಟಿನ ದಿನಗಳಲ್ಲಿ ತಮ್ಮ ಮೈದಾನ ಬಿಟ್ಟು ಹೊರಟವು. ಒಂದಕ್ಕೆ ಲಕ್ಷ್ಮಿ ಒಲಿದಳು, ಇನ್ನೊಂದು ಸೊರಗಿತು.

ಮೊದಲನೆಯದು ಆರ್ಸೆನಲ್. ವುಲಿಚ್ ಪೇಟೆಯಲ್ಲಿ ಬ್ರಿಟಿಷ್ ಸರಕಾರದ ದೊಡ್ಡ ಮದ್ದುಗುಂಡಿನ ಕಾರ್ಖಾನೆಯಿತ್ತು. ಅಲ್ಲಿನ ಕೆಲಸಗಾರರು 1886ರಲ್ಲಿ ಕೂಡಿ ಕಟ್ಟಿದ ಸಂಘ ಇದು. ಆಯುಧಾಗಾರವೆಂಬ ಅರ್ಥದ ಹೆಸರೂ, ಲಾಂಛನದ ಫಿರಂಗಿಯೂ ಬಂದದ್ದು ಅಲ್ಲಿಂದಲೇ. 1893ರಲ್ಲಿ ಸಂಘವು ಫುಟ್‌ಬಾಲ್ ಲೀಗನ್ನು ಸೇರಿತು. ಅಲ್ಲಿಯವರೆಗೆ ಉತ್ತರದವರ ಮತ್ತು ನಡುನಾಡಿನವರ ಸೊತ್ತಾಗಿದ್ದ ಲೀಗಿಗೆ ದಕ್ಷಿಣದಿಂದ ಸೇರಿದ ಮೊದಲ ಸಂಘ ಅದು. 1904ರಲ್ಲಿ ಮೊದಲನೆಯ ಶ್ರೇಣಿಗೂ ಏರಿತು.

ಆದರೆ ಏರಿದ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. ಆಗ ಸಂಘಗಳಿಗಿದ್ದ ಮುಖ್ಯ ಹುಟ್ಟುವಳಿ ಒಂದೇ: ಬಾಗಿಲಲ್ಲಿ ಕೊಡುವ ಕಾಸು. ಲೀಗಿನ ಕಟ್ಟಳೆಯಂತೆ ಕನಿಷ್ಠ ದರ ಆರು ಪೆನ್ನಿ. ಅಂಥ ನಲವತ್ತು ಜನ ಸೇರಿದರೆ ಒಂದು ಪೌಂಡು. ಆಟಗಾರರ ಸಂಬಳ, ಪ್ರಯಾಣದ ಖರ್ಚು, ಮೈದಾನದ ಬಾಡಿಗೆ ಎಲ್ಲವೂ ಆ ಚಿಲ್ಲರೆಯಿಂದಲೇ ಹೊರಡಬೇಕು. ಆಗಿನ ಮೈದಾನ ವುಲಿಚ್ಚಿನ ಮಗ್ಗುಲಲ್ಲಿರುವ ಪ್ಲಮ್‌ಸ್ಟೆಡ್ಡಿನಲ್ಲಿತ್ತು. ಲಂಡನ್ನಿನ ಬೇರೆ ಭಾಗದವರಿಗೆ ಅದು ದೂರದ ಮಾತು. ಇನ್ನು ಕಾರ್ಖಾನೆಯವರೋ, ಬೋಯರ್ ಯುದ್ಧದ ಕಾಲದಲ್ಲಿ ಶನಿವಾರ ಮಧ್ಯಾಹ್ನವೂ ಗುಂಡು ತಯಾರಿಸುತ್ತಿದ್ದರು. ಆಟ ನೋಡಲು ಬರುವವರಾರು? 1910ರ ಹೊತ್ತಿಗೆ ಸಂಘ ಪಾಪರಾಗುವ ಸ್ಥಿತಿಗೆ ಇಳಿಯಿತು.

ಆಗ ಬಂದವನು ಹೆನ್ರಿ ನಾರಿಸ್. ಮನೆಗಳನ್ನು ಕಟ್ಟಿ ಮಾರಿ ಹಣವಂತನಾದವನು. ಫುಲ್‌ಹ್ಯಾಂ ಸಂಘದ ಅಧ್ಯಕ್ಷ. ಎರಡು ಸಂಘಗಳನ್ನೂ ಒಂದು ಮಾಡಿಬಿಡಬೇಕೆಂದು ಮೊದಲು ಯೋಚಿಸಿದ. ಲೀಗಿನವರು ಒಪ್ಪಲಿಲ್ಲ. 1912–13ರ ಹಂಗಾಮಿನಲ್ಲಂತೂ ಸಂಘದ ಗತಿ ಹೇಳತೀರದು. ಮೂವತ್ತೆಂಟು ಪಂದ್ಯಗಳಲ್ಲಿ ಗೆದ್ದದ್ದು ಮೂರು. ಸ್ವಂತ ಮೈದಾನದಲ್ಲಿ ಗೆದ್ದದ್ದು ಒಂದೇ ಒಂದು. ಕೊನೆಯ ಸ್ಥಾನಕ್ಕೆ ಬಿದ್ದು ಎರಡನೆಯ ಶ್ರೇಣಿಗೆ ಇಳಿಯಿತು.

ಮನೆ ಕಟ್ಟುವವನ ಕಣ್ಣು ನಿವೇಶನದ ಮೇಲೆ. ಜನ ಹೆಚ್ಚಾಗಿರುವ ಕಡೆಗೆ, ಜನ ಸುಲಭವಾಗಿ ಬರುವ ಕಡೆಗೆ ಹೋಗಬೇಕೆಂದು ನಾರಿಸ್ ನಿಶ್ಚಯಿಸಿದ. ನದಿಯಾಚೆ, ಉತ್ತರ ಲಂಡನ್ನಿನ ಹೈಬರಿಯಲ್ಲಿ ಪಾದ್ರಿಗಳ ವಿದ್ಯಾಲಯವೊಂದಕ್ಕೆ ಸೇರಿದ ಬಯಲಿತ್ತು. ಅದರ ಪಕ್ಕದಲ್ಲಿಯೇ ಸುರಂಗ ರೈಲಿನ ನಿಲ್ದಾಣ. 20,000 ಪೌಂಡು ಕೊಟ್ಟು ಇಪ್ಪತ್ತೊಂದು ವರ್ಷಕ್ಕೆ ಜಾಗ ಹಿಡಿದ. ಕ್ರಿಸ್‌ಮಸ್ ದಿನ ಮತ್ತು ಗುಡ್‌ಫ್ರೈಡೇ ದಿನ ಆಟ ಕೂಡದು, ಮದ್ಯ ಮಾರಕೂಡದು ಎಂಬ ಷರತ್ತುಗಳೂ ಇದ್ದವು. ಸುತ್ತಲಿನ ನಿವಾಸಿಗಳು ಗದ್ದಲವಾದೀತೆಂದು ಆಕ್ಷೇಪಿಸಿದರು. ಸಮೀಪದ ಟಾಟನ್‌ಹ್ಯಾಂ ಸಂಘದವರು ತಮ್ಮ ಗಿರಾಕಿ ಹೋದೀತೆಂದು ಆಕ್ಷೇಪಿಸಿದರು. ಯಾರ ಮಾತೂ ನಡೆಯಲಿಲ್ಲ. 1913ರ ಸೆಪ್ಟೆಂಬರ್ 6ರಂದು ಅಲ್ಲಿ ಮೊದಲ ಪಂದ್ಯ ನಡೆದಾಗ ಸುಮಾರು 20,000 ಜನ ಸೇರಿದ್ದರು.

ಇಲ್ಲಿ ಒಂದು ಲೆಕ್ಕ ಹಾಕಬಹುದು. 20,000 ಜನ ಆರಾರು ಪೆನ್ನಿ ಕೊಟ್ಟರೆ 500 ಪೌಂಡು. ಅಂಥ ನಲವತ್ತು ಪಂದ್ಯ ನಡೆದರೆ ಜಾಗದ ಹಣ ಮಾತ್ರ ಹುಟ್ಟೀತು. ಸ್ವಂತ ಮೈದಾನದಲ್ಲಿ ನಡೆಯುತ್ತಿದ್ದ ಲೀಗ್ ಪಂದ್ಯಗಳು ವರ್ಷಕ್ಕೆ ಹತ್ತೊಂಬತ್ತು. ಎಂದರೆ ಎರಡು ವರ್ಷ ಬಾಗಿಲಿಗೆ ಬಂದದ್ದೆಲ್ಲ ನೆಲಕ್ಕೇ ಹೋಗಬೇಕು. ಕಟ್ಟಡದ ಸಾಲ ಬೇರೆ. ಅಷ್ಟರಲ್ಲಿ ಮಹಾಯುದ್ಧ ಬಂದು 1915ರಲ್ಲಿ ಲೀಗೇ ನಿಂತುಹೋಯಿತು. ಯುದ್ಧ ಮುಗಿದಾಗ ಸಂಘದ ಬಳಿ ಉಳಿದಿದ್ದದ್ದು ದೊಡ್ಡ ಮೈದಾನ, ದೊಡ್ಡ ಸಾಲ, ಮತ್ತು ಎರಡನೆಯ ಶ್ರೇಣಿ. ದೊಡ್ಡ ಮನೆ ಕಟ್ಟಿ ಅಡಿಗೆಗೆ ಅಕ್ಕಿಯಿಲ್ಲದವನ ಪಾಡು!

ಮುಂದೆ ನಡೆದ ಸಂಗತಿ ಇಂದಿಗೂ ವಿವಾದದ್ದು. 1919ರಲ್ಲಿ ಮೊದಲನೆಯ ಶ್ರೇಣಿಯನ್ನು ಇಪ್ಪತ್ತರಿಂದ ಇಪ್ಪತ್ತೆರಡು ಸಂಘಗಳಿಗೆ ಹಿಗ್ಗಿಸಿದರು. ಒಂದು ಸ್ಥಾನಕ್ಕೆ ಮತ ಹಾಕಬೇಕಾಯಿತು. ಮೊದಲನೆಯ ಶ್ರೇಣಿಯಲ್ಲಿ ಕೊನೆಯದಾಗಿದ್ದ ಟಾಟನ್‌ಹ್ಯಾಂ ತನ್ನ ಸ್ಥಾನ ಉಳಿಸಿಕೊಡಿರೆಂದು ಕೇಳಿತು. ಎರಡನೆಯ ಶ್ರೇಣಿಯಲ್ಲಿ ಬಾರ್ನ್ಸ್‌ಲಿ ಮತ್ತು ವುಲ್ವರ್‌ಹ್ಯಾಂಪ್ಟನ್ ಸಂಘಗಳು ಐದನೆಯದಾದ ಆರ್ಸೆನಲ್ಲಿಗಿಂತ ಮೇಲಿದ್ದವು. ಆದರೂ ಆರ್ಸೆನಲ್ಲಿಗೆ 18 ಮತ ಬಿದ್ದವು, ಟಾಟನ್‌ಹ್ಯಾಮಿಗೆ 8. ನಾರಿಸ್ ಒಳಗೊಳಗೇ ಏನೋ ನಡೆಸಿದನೆಂದು ಜನ ಆಡಿಕೊಂಡರು. ಲಂಚ ಕೊಟ್ಟನೆಂಬುದು ಮಾತ್ರ ಎಂದೂ ಸಿದ್ಧವಾಗಲಿಲ್ಲ. ಕಾಲಿನಿಂದ ಗಳಿಸದ ಬಡ್ತಿಯನ್ನು ಕೈಯೆತ್ತಿಸಿ ಗಳಿಸಿದ ಸಂಘ, ಅಲ್ಲಿಂದೀಚೆಗೆ ಒಮ್ಮೆಯೂ ಕೆಳಗಿಳಿದಿಲ್ಲ ಎಂಬುದು ಚರಿತ್ರೆಯ ವಿನೋದ.

ಹೀಗೆ ಜನ ಬರುವ ಜಾಗವೂ ಜನ ನೋಡಬಯಸುವ ಶ್ರೇಣಿಯೂ ಒಂದುಗೂಡಿದವು. 1925ರಲ್ಲಿ ಹರ್ಬರ್ಟ್ ಚಾಪ್‌ಮನ್ ತರಬೇತುದಾರನಾಗಿ ಬಂದ ಮೇಲೆ ಒಳ್ಳೆಯ ಆಟವೂ ಕೂಡಿಕೊಂಡಿತು. 1930ರ ದಶಕದಲ್ಲಿ ಐದು ಸಲ ಲೀಗನ್ನು ಗೆದ್ದರು. 1932ರಲ್ಲಿ ಸುರಂಗ ರೈಲಿನ ನಿಲ್ದಾಣಕ್ಕೇ ಆರ್ಸೆನಲ್ ಎಂದು ಹೆಸರಾಯಿತು. 1935ರಲ್ಲಿ ಒಂದು ಪಂದ್ಯಕ್ಕೆ 73,295 ಜನ ಸೇರಿದರು. ನಾರಿಸ್ ಈ ವೈಭವದ ಪಾಲುದಾರನಾಗಲಿಲ್ಲ. ಸಂಘದ ಹಣವನ್ನು ಸ್ವಂತಕ್ಕೆ ಬಳಸಿದನೆಂದು ಫುಟ್‌ಬಾಲ್ ಅಸೋಸಿಯೇಷನ್ 1927ರಲ್ಲಿಯೇ ಅವನನ್ನು ಹೊರಗೆ ಹಾಕಿತ್ತು.

ಇಷ್ಟನ್ನೇ ಓದಿದವರು, ಊರು ಬಿಟ್ಟರೆ ಭಾಗ್ಯ ಬರುತ್ತದೆ ಎಂದುಕೊಂಡಾರು. ಅವರು ಎರಡನೆಯ ಕಥೆಯನ್ನೂ ಕೇಳಬೇಕು.

ಆರ್ಸೆನಲ್ ಬಿಟ್ಟುಹೋದ ಸೀಮೆಯಲ್ಲಿ, ವುಲಿಚ್ಚಿನ ನೆರೆಯಲ್ಲೇ, ಚಾರ್ಲ್‌ಟನ್ ಅತ್ಲೆಟಿಕ್ ಎಂಬ ಸಂಘ ಬೆಳೆಯಿತು. 1919ರಲ್ಲಿ ಹಳೆಯ ಗಣಿಯೊಂದರ ಹಳ್ಳದಲ್ಲಿ ಮೈದಾನ ಮಾಡಿಕೊಂಡರು. ಅದರ ಹೆಸರೇ ವ್ಯಾಲಿ, ಕಣಿವೆ. 1921ರಲ್ಲಿ ಲೀಗು ಸೇರಿ, 1935 ಮತ್ತು 1936ರಲ್ಲಿ ಒಂದರ ಹಿಂದೊಂದು ಬಡ್ತಿ ಪಡೆದು ಮೊದಲನೆಯ ಶ್ರೇಣಿಗೆ ಬಂದರು. 1938ರಲ್ಲಿ ಆ ಕಣಿವೆಯಲ್ಲಿ ಒಂದೇ ಪಂದ್ಯಕ್ಕೆ 75,031 ಜನ ನೆರೆದರು. ಆರ್ಸೆನಲ್ ನಾರಿಸನಿಗೆ ಪ್ಲಮ್‌ಸ್ಟೆಡ್ಡಿನಲ್ಲಿ ಸಿಗದ ಜನ ಇವರೇ ಅಲ್ಲವೆ?

ಐವತ್ತು ವರ್ಷ ಕಳೆಯುವುದರೊಳಗೆ ಸಂಘ ಸಾಲದಲ್ಲಿ ಮುಳುಗಿತ್ತು. ಮೈದಾನದ ಒಡೆತನದ ತಗಾದೆಯೂ ದುರಸ್ತಿಯ ಪ್ರಶ್ನೆಯೂ ಎದ್ದಿದ್ದವು. 1985ರ ಸೆಪ್ಟೆಂಬರಿನಲ್ಲಿ ಸಂಘವು ವ್ಯಾಲಿಯನ್ನು ಬಿಟ್ಟು, ದಕ್ಷಿಣ ಲಂಡನ್ನಿನ ಇನ್ನೊಂದು ಮೂಲೆಯಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸ್ ಸಂಘದ ಮೈದಾನದಲ್ಲಿ ಬಾಡಿಗೆಗೆ ಸೇರಿತು. ಅಭಿಮಾನಿಗಳಿಗೆ ವಿಷಯ ತಿಳಿದದ್ದು ಪಂದ್ಯದ ದಿನ ಹಂಚಿದ ಕರಪತ್ರದಿಂದ. ವಿಚಿತ್ರವೆಂದರೆ ಮರುವರ್ಷವೇ, 1986ರಲ್ಲಿ, ಸಂಘ ಮೊದಲನೆಯ ಶ್ರೇಣಿಗೆ ಏರಿತು. ಮೈದಾನ ಬದಲಾಗಿತ್ತು, ಬಡ್ತಿಯೂ ಬಂದಿತ್ತು. ಜನ ಮಾತ್ರ ಬರಲಿಲ್ಲ. ನಾಲ್ಕು ವರ್ಷ ಮೇಲಿನ ಶ್ರೇಣಿಯಲ್ಲಿದ್ದೂ ಆಸನಗಳು ಖಾಲಿ ಹೊಡೆಯುತ್ತಿದ್ದವು. ಆರ್ಸೆನಲ್ ಹೋದದ್ದು ಸ್ವಂತ ಮನೆಗೆ, ಹೊಸ ಜನರ ನಡುವೆ. ಚಾರ್ಲ್‌ಟನ್ ಹೋದದ್ದು ಇನ್ನೊಬ್ಬರ ಮನೆಗೆ, ಇನ್ನೊಬ್ಬರ ಜನರ ನಡುವೆ.

ಕೊನೆಗೆ ಅಭಿಮಾನಿಗಳೇ ಒಂದು ಪಕ್ಷ ಕಟ್ಟಿ 1990ರ ಗ್ರೀನಿಚ್ ನಗರಸಭೆಯ ಚುನಾವಣೆಗೆ ನಿಂತರು. ವ್ಯಾಲಿಗೆ ಮರಳಬೇಕೆಂಬುದೊಂದೇ ಅವರ ಬೇಡಿಕೆ. ಗೆದ್ದವರು ಯಾರೂ ಇಲ್ಲ. ಆದರೆ 14,838 ಮತಗಳು ಬಿದ್ದವು. ನಗರಸಭೆಯ ಮನಸ್ಸು ಬದಲಾಯಿತು. 1992ರ ಡಿಸೆಂಬರ್ 5ರಂದು ಸಂಘ ತನ್ನ ಕಣಿವೆಗೆ ಮರಳಿತು. 1998ರಲ್ಲಿ ಮತ್ತೆ ಬಡ್ತಿ ಸಿಕ್ಕಾಗ ಆ ಬಡ್ತಿಗೆ ಜನರೂ ಇದ್ದರು, ಹೊಸ ಆಸನಗಳನ್ನು ಕಟ್ಟುವ ಕಾರಣವೂ ಇತ್ತು.

ಈಗಿನ ಲೆಕ್ಕ ಬೇರೆ ಎಂದು ಕೆಲವರು ಹೇಳಬಹುದು. ನಿಜ, ಬಾಗಿಲ ಕಾಸಿಗೆ ಈಗಲೂ ಬೆಲೆಯುಂಟು. 2006ರಲ್ಲಿ ಆರ್ಸೆನಲ್ ಹೈಬರಿಯನ್ನೂ ಬಿಟ್ಟು ಹತ್ತಿರದ 60,000 ಆಸನಗಳ ಕ್ರೀಡಾಂಗಣಕ್ಕೆ ಹೋದಾಗ ಪಂದ್ಯದ ದಿನಗಳ ಹುಟ್ಟುವಳಿ ಒಂದೇ ವರ್ಷದಲ್ಲಿ ದುಪ್ಪಟ್ಟಾಯಿತು. ಆದರೆ ಬಡ್ತಿಯ ಹಣ ಬರುವುದು ಈಗ ದೂರದರ್ಶನದ ಪ್ರಸಾರದಿಂದ. ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್ ಸಂಘ 2020ರಲ್ಲಿ 17,250 ಆಸನಗಳ ಹೊಸ ಮೈದಾನಕ್ಕೆ ಬಂದು, 2021ರಲ್ಲಿ ಮೇಲಿನ ಶ್ರೇಣಿಗೇರಿತು. ವರಮಾನ ಸುಮಾರು 1.5 ಕೋಟಿ ಪೌಂಡಿನಿಂದ ಒಂದೇ ವರ್ಷದಲ್ಲಿ ಸುಮಾರು 14 ಕೋಟಿಗೆ ನೆಗೆಯಿತು. ಇದರಲ್ಲಿ ಬಹುಪಾಲು ಪ್ರಸಾರದ ಹಣ. ಹಾಗಾದರೆ ಬಾಗಿಲಿಗೆ ಬರುವ ಜನ ಬೇಡವೆ? ಆ ಮೈದಾನ ತೆರೆದದ್ದು ಕೋವಿಡ್ ಕಾಲದಲ್ಲಿ, ಖಾಲಿ ಆಸನಗಳ ಎದುರಿಗೆ. ಹೊಸ ಮನೆಯ ಗೃಹಪ್ರವೇಶಕ್ಕೆ ನೆಂಟರೇ ಬಾರದ ಹಾಗೆ. ಆ ದೃಶ್ಯ ನೋಡಿದ ಯಾರೂ ಬೇಡವೆನ್ನಲಾರರು.

ಜಾಗ, ಶ್ರೇಣಿ, ಜನ: ವರಮಾನಕ್ಕೆ ಈ ಮೂರೂ ಕೂಡಿಬರಬೇಕು. ಮೊದಲಿನ ಎರಡನ್ನು ಸಾಲ ತಂದೋ ಮತ ತಂದೋ ಸಂಪಾದಿಸಬಹುದು. ಮೂರನೆಯದನ್ನು ಹಾಗೆ ತರಲಾಗದು. ಆರ್ಸೆನಲ್ಲಿಗೆ ಹೊಸ ಜನ ದೊರೆತದ್ದು ಅದರ ಅದೃಷ್ಟ. ಆದರೆ 1913ರಲ್ಲಿ ವುಲಿಚ್ಚಿನ ಕೆಲಸಗಾರರು ಕಳೆದುಕೊಂಡದ್ದಕ್ಕೆ ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಲಮಿಲ್ಲ. ಅವರ ಕಾರ್ಖಾನೆ 1967ರಲ್ಲಿ ಮುಚ್ಚಿತು. ಅವರು ಇಟ್ಟ ಹೆಸರು ಮಾತ್ರ ನದಿಯಾಚೆ ಒಂದು ರೈಲು ನಿಲ್ದಾಣದ ಫಲಕದ ಮೇಲಿದೆ.