ಶಾಲಾ ಮಕ್ಕಳಿಗೆ ಸ್ವಯಂಸೇವಾ ಬೋಧನೆ ಮತ್ತು ಮಾರ್ಗದರ್ಶನ: ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳು

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಪಾಠದಲ್ಲಿ ನೆರವಾಗಲು ಇಚ್ಛಿಸುವ ಸಾರ್ವಜನಿಕರು ಕೇಂದ್ರ ಶಿಕ್ಷಣ ಸಚಿವಾಲಯದ ‘ವಿದ್ಯಾಂಜಲಿ’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. 2021ರ ಸೆಪ್ಟೆಂಬರ್ 7ರಂದು ಆರಂಭಗೊಂಡ ಈ ಜಾಲತಾಣದಲ್ಲಿ ಶಾಲೆಯೇ ತನಗೆ ಬೇಕಾದ ನೆರವನ್ನು ಪ್ರಕಟಿಸುತ್ತದೆ. ಆಸಕ್ತಿ ಸೂಚಿಸಿದವರ ಪೈಕಿ ಆಯ್ಕೆಯೂ ಶಾಲೆಯದೇ.

ನಿವೃತ್ತ ಶಿಕ್ಷಕರು, ನೌಕರರು, ಗೃಹಿಣಿಯರು ಹಾಗೂ ಹಳೆಯ ವಿದ್ಯಾರ್ಥಿಗಳು ಸೇವೆ ಸಲ್ಲಿಸಬಹುದು. ಸಂಭಾವನೆ ಇರುವುದಿಲ್ಲ. ಸ್ವಯಂಸೇವಕರು ಖಾಯಂ ಶಿಕ್ಷಕರಿಗೆ ಬದಲಿಯಲ್ಲ.

ಎರೆಭೂಮಿಯ ಈ ತಾಲೂಕುಗಳಲ್ಲಿ ಹತ್ತಿ ಬಿಡಿಸುವ, ಕಡಲೆ ಕೀಳುವ ದಿನಗಳಲ್ಲಿಯೂ, ಪಾಲಕರು ಗೋವಾ, ಮಂಗಳೂರು ಕಡೆಗೆ ದುಡಿಯಲು ಹೋದಾಗಲೂ ಕೆಲವು ಮಕ್ಕಳಿಗೆ ಶಾಲೆ ತಪ್ಪುತ್ತದೆ. ಆಗ ಭಾಗಾಕಾರ ಕಲಿಯದೆ ಉಳಿದ ಮಗುವಿಗೆ ಮುಂದಿನ ತರಗತಿಯ ಗಣಿತವೆಲ್ಲ ಕಠಿಣವಾಗಿ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಕ್ರಮೇಣ ಶಾಲೆಯಿಂದ ದೂರವಾಗುವುದುಂಟು. ಆದಕಾರಣ ಒಂದು ದಿನ ಬಂದು ಭಾಷಣ ಮಾಡಿ ಹೋಗುವುದಕ್ಕಿಂತ, ವಾರಕ್ಕೆ ಎರಡು ತಾಸಾದರೂ ತಪ್ಪದೆ ಅದೇ ಮಕ್ಕಳೊಂದಿಗೆ ಕುಳಿತು ಓದು, ಮಗ್ಗಿ, ಲೆಕ್ಕ ಮಾಡಿಸುವುದು ಹೆಚ್ಚು ಉಪಯುಕ್ತ.

ಅಂತರಜಾಲ ಸೌಲಭ್ಯವಿಲ್ಲದವರು ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಸಂಪರ್ಕಿಸತಕ್ಕದ್ದು. ಗಜೇಂದ್ರಗಡವು ಈ ಹಿಂದೆ ರೋಣ ತಾಲೂಕಿಗೆ ಸೇರಿದ್ದರಿಂದ, ಅಲ್ಲಿನ ಶಾಲೆಯನ್ನು ಹುಡುಕುವಾಗ ರೋಣದ ಪಟ್ಟಿಯನ್ನೂ ನೋಡುವುದು ಸೂಕ್ತ.